ಶ್ರೀಗಂಧ: 10 ವರ್ಷಕ್ಕೆ ಕೋಟಿ ಎಂಬ ಮಾತು ನಿಜವಲ್ಲ

'ನೀರು, ಗೊಬ್ಬರ ಜಾಸ್ತಿ ಕೊಡಿ, 10 ವರ್ಷಕ್ಕೆ ಕೋಟಿ ಎಣಿಸಿ' ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಸಾಲ ಮಾಡಬೇಡಿ.

ಶ್ರೀಗಂಧದ ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ (ಕಾಂಡದ ನಡುವಿನ ಗಟ್ಟಿ ಭಾಗ), ಬೇರಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ಪರಿಮಳವಿಲ್ಲ. ಕಾಂಡ ದಪ್ಪಗಾದ ಮಾತ್ರಕ್ಕೆ ಚೇಗು ತುಂಬಿದೆ ಅಂತಲ್ಲ. ಒಂದೇ ತೋಟದ, ಒಂದೇ ವಯಸ್ಸಿನ ಮರಗಳಲ್ಲೂ ಅದು ಬೇರೆ ಬೇರೆ ಇರುತ್ತದೆ. 10 ವರ್ಷದ ಮರದಲ್ಲಿ ಸಾಮಾನ್ಯವಾಗಿ ಚೇಗು ಇನ್ನೂ ಕಡಿಮೆ. ಬಲಿಯಲು ಹಲವು ವರ್ಷ ಕಾಯಬೇಕು.

ಜೊತೆಗೆ, ಶ್ರೀಗಂಧ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ನೀರು, ಲವಣ ಹೀರುವ ಮರ. ತೊಗರಿ, ಸರ್ವೆಯಂಥ ಆಸರೆ ಗಿಡವಿಲ್ಲದೆ ಬರೀ ಗೊಬ್ಬರ ಸುರಿದರೆ ಸುಮ್ನೆ ದುಡ್ಡು ದಂಡ.

'ಮರ ಸರ್ಕಾರದ್ದೇ' ಎಂಬುದೂ ಹಳೆಯ ಮಾತು. ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಅದು ಜಮೀನಿನ ಒಡೆಯರದ್ದು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.