ಬಾಟಲಿ ಗಾಜಿನದೋ ಪ್ಲಾಸ್ಟಿಕ್ಕೋ ಎನ್ನುವುದಕ್ಕಿಂತ, ಎಷ್ಟು ಸಲ ತುಂಬಿತು?

ಗಾಜು ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಎಂಬ ಮಾತು ಕಸದ ವಿಚಾರದಲ್ಲಿ ಸರಿ ಇರಬಹುದು. ಇಂಗಾಲದ ಲೆಕ್ಕಕ್ಕೆ, ಅಂದರೆ ಮಾಡಿ ಸಾಗಿಸುವಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದಕ್ಕೆ ಇಳಿದರೆ ಅದು ನಿಲ್ಲುವುದಿಲ್ಲ. 330 ಮಿ.ಲೀ. ಹಿಡಿಯುವ, ಒಮ್ಮೆ ಕುಡಿದು ಬಿಸಾಡುವ ಗಾಜಿನ ಬಾಟಲಿ ಸುಮಾರು 200 ಗ್ರಾಂ ತೂಗುತ್ತದೆ. ಅಷ್ಟೇ ಹಿಡಿಯುವ ಅಲ್ಯೂಮಿನಿಯಂ ಕ್ಯಾನ್ ಸುಮಾರು 13 ಗ್ರಾಂ. ಅರ್ಧ ಲೀಟರಿನ ಪೆಟ್ (ಪಾರದರ್ಶಕ ಪ್ಲಾಸ್ಟಿಕ್) ಬಾಟಲಿ ನೀರಿನದಾದರೆ 10 ಗ್ರಾಂ ಆಸುಪಾಸು. ಗ್ಯಾಸ್ ತುಂಬಿದ ಪಾನೀಯದ್ದಾದರೆ ಒತ್ತಡ ತಡೆಯಬೇಕಲ್ಲ, ಅದರ ಎರಡರಷ್ಟು. ಗಾಜಿನ ಕುಲುಮೆ 1500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಗಲಿರುಳು ಉರಿಯಬೇಕು. ಅದರೊಳಗೆ ಹಾಕಿದ ಸುಣ್ಣಕಲ್ಲು, ಸೋಡಾ ಆಶ್ ಕೂಡ ಕಾದಂತೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆಮೇಲೆ ಲಾರಿ ಹೊರುವ ಹೊರೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬರೀ ಗಾಜು.

ಹಾಗಾದರೆ ಗಾಜು ಬೇಡವೇ? ಬೇಕು, ಮರಳಿ ತುಂಬುವುದಾದರೆ ಮಾತ್ರ. ನಾಡಿನಿಂದ ಹೊರಗಿರುವ ನಮ್ಮಂಥವರು ಎರಡೂ ರೂಢಿಗಳನ್ನು ನೋಡಿರುತ್ತೇವೆ: ಠೇವಣಿ ಕಟ್ಟಿ, ಖಾಲಿ ಬಾಟಲಿ ವಾಪಸು ಕೊಟ್ಟು, ತೊಳೆದು ಮತ್ತೆ ತುಂಬಿಸುವುದು ಒಂದು, ಒಡೆದು ಕರಗಿಸಿ ಹೊಸದು ಮಾಡುವುದು ಇನ್ನೊಂದು. ಎರಡಕ್ಕೂ ಮರುಬಳಕೆ ಎಂಬ ಒಂದೇ ಹೆಸರಿಡುವುದು ದೊಡ್ಡ ತಪ್ಪು. ಕುಲುಮೆಯ ಕಚ್ಚಾವಸ್ತುವಿಗೆ ಒಡೆದ ಗಾಜನ್ನು ಬೆರೆಸಿದರೂ, ಬೆರೆಸಿದ ಪ್ರತಿ ಶೇ 10ಕ್ಕೆ ಉಳಿಯುವ ಇಂಧನ ಶೇ 3ರ ಒಳಗೇ. ತೊಳೆಯಲು ಸಾಕಾಗುವುದು 60ರಿಂದ 80 ಡಿಗ್ರಿಯ ಕಾಸ್ಟಿಕ್ ಸೋಡಾ ನೀರು.

ಎಲ್ಲವೂ ನಿಂತಿರುವುದು ವಾಪಸಾತಿಯ ಮೇಲೆ. ನೂರರಲ್ಲಿ 95 ಬಾಟಲಿ ಮರಳಿದರೆ ಒಂದು ಬಾಟಲಿ ಸರಾಸರಿ 20 ಸಲ ತುಂಬುತ್ತದೆ. 90 ಮರಳಿದರೆ 10 ಸಲ, 80 ಆದರೆ ಐದೇ ಸಲ. ಮರುತುಂಬುವ ಬಾಟಲಿಯನ್ನು ದಪ್ಪಗೆ ಮಾಡುತ್ತಾರೆ, 300 ಗ್ರಾಂ ಎನ್ನಿ: 20 ಸಲಕ್ಕೆ ಹಂಚಿದರೆ ಪ್ರತಿ ಸಲಕ್ಕೆ 15 ಗ್ರಾಂ ಗಾಜು, ಐದಕ್ಕೆ ಹಂಚಿದರೆ 60 ಗ್ರಾಂ. ತುಂಬುವ ಕಾರ್ಖಾನೆ ನೂರಾರು ಕಿಲೋಮೀಟರ್ ದೂರವಿದ್ದರೆ ಲಾರಿಯ ಡೀಸೆಲ್ ಈ ಗಳಿಕೆಯನ್ನು ತಿನ್ನುತ್ತದೆ. ಕಂಪನಿಗೊಂದು ಆಕಾರದ ಬಾಟಲಿ ಇದ್ದಾಗಲಂತೂ ಖಾಲಿ ಬಾಟಲಿ ಹತ್ತಿರದ ಕಾರ್ಖಾನೆಗೆ ಹೋಗದೆ ತನ್ನದೇ ಕಾರ್ಖಾನೆ ಹುಡುಕಿಕೊಂಡು ಹೋಗಬೇಕು. ಎಲ್ಲರಿಗೂ ಒಂದೇ ಅಳತೆಯ ಬಾಟಲಿ ಎಂಬ ನಿಯಮ ಬರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕ್ಯಾನಿನ ಕಥೆ ಬೇರೆ. ಹೊಸ ಅಲ್ಯೂಮಿನಿಯಂ ಒಂದು ಕಿಲೋಗೆ ಸುಮಾರು 14 ಯುನಿಟ್ ವಿದ್ಯುತ್ ಬೇಕು. ಆ ವಿದ್ಯುತ್ ಕಲ್ಲಿದ್ದಲಿನದೋ ಜಲಶಕ್ತಿಯದೋ ಎಂಬುದರ ಮೇಲೆ ಇಂಗಾಲದ ಲೆಕ್ಕ ಹಲವು ಪಟ್ಟು ಏರುಪೇರಾಗುತ್ತದೆ. ಹಳೆ ಕ್ಯಾನು ಕರಗಿಸಿದರೆ ಶೇ 95ರಷ್ಟು ಶಕ್ತಿ ಉಳಿಯುತ್ತದೆ. ಪೆಟ್ ಬಾಟಲಿಗೆ ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್ಕಿನ ಲೇಬಲ್ ಸುತ್ತಿದ್ದರೆ ಅದು ಕರಗಿಸುವಾಗ ಕಾವಿಗೆ ವಿಘಟನೆಗೊಂಡು ಇಡೀ ರಾಶಿಯನ್ನೇ ಹಳದಿ ಮಾಡುತ್ತದೆ. ರಟ್ಟಿನ ಪೊಟ್ಟಣ ಹಗುರ, ಆದರೆ ಕಾಗದ, ಪಾಲಿಥೀನ್, ಅಲ್ಯೂಮಿನಿಯಂ ಹಾಳೆ ಒಂದಕ್ಕೊಂದು ಅಂಟಿರುವುದರಿಂದ ಬಿಡಿಸಲು ಬೇರೆಯೇ ಯಂತ್ರ ಬೇಕು.

ಹೋಲಿಸುವಾಗ ಒಂದು ಬಾಟಲಿಗಲ್ಲ, ಒಂದು ಲೀಟರ್ ಪಾನೀಯಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. ಮರುತುಂಬುವ ಬಾಟಲಿಯನ್ನು ಕ್ರೇಟಿನಲ್ಲೇ ವಾಪಸು ಕೊಡಿ: ಬಾಯಿಯ ಅಂಚು ಚೂರೆದ್ದರೆ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ, ಎರಡನೇ ಸಲಕ್ಕೇ ಅದು ಕುಲುಮೆಗೆ ಹೋಗುತ್ತದೆ.