ಐನೂರರ ನೋಟು ಕೊಟ್ಟು "ಊಟ ಮಾಡಮ್ಮ" ಅಂದರು

ಆ ನೋಟು ಇನ್ನೂ ಬ್ಯಾಗಿನಲ್ಲೇ ಇದೆ. ಮುಟ್ಟೋಕೆ ಮನಸ್ಸಾಗುತ್ತಿಲ್ಲ. ಪಿಜಿಗೆ ಬಂದು ಎರಡು ಗಂಟೆ ಆಯ್ತು. ತಟ್ಟೆ ಮುಂದಿಟ್ಟುಕೊಂಡು ಹಾಗೇ ಕೂತಿದ್ದೇನೆ. ರೂಮ್‌ಮೇಟ್ ಮಲಗಿದ್ದಾಳೆ. ಯಾರಿಗಾದರೂ ಹೇಳದಿದ್ದರೆ ಇವತ್ತು ನಿದ್ದೆ ಬರಲ್ಲ.

ನಾನು ಕಾನೂನು ಓದುವವಳು, ಒಬ್ಬ ಶಾಸಕರ ಕಚೇರಿಯಲ್ಲಿ ಇಂಟರ್ನ್. ಮಧ್ಯಾಹ್ನ ಫ್ರೀಡಂ ಪಾರ್ಕಿನ ಸಮಾವೇಶದಲ್ಲಿ ನಮ್ಮ ಸಾಹೇಬರು, ಅಂದರೆ ಆ ಶಾಸಕರು, ಓದಿದ ಭಾಷಣ ನಾನು ಬರೆದದ್ದು. ಒಂದು ಸಾಲು ಎರಡು ಸಾಲು ಅಲ್ಲ, ಪೂರ್ತಿ. ಮೂರು ರಾತ್ರಿ ಕೂತು ಬರೆದೆ. 1982ರ ಏಷಿಯಾಡ್ ಕಾರ್ಮಿಕರ ತೀರ್ಪು ಹುಡುಕಿ ಓದಿದೆ. ದೆಹಲಿಯಲ್ಲಿ ಏಷ್ಯನ್ ಗೇಮ್ಸ್‌ಗೆ ಅಂತ ಕಟ್ಟಡ ಕಟ್ಟಿದ ಕೂಲಿಗಳಿಗೆ ಆಗ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ಕೂಲಿಗಳನ್ನು ಕರೆತಂದ ಜಮಾದಾರರು ಅದರಲ್ಲಿ 1 ರೂಪಾಯಿ ಕಿತ್ತುಕೊಳ್ಳುತ್ತಿದ್ದರು. ಬರೀ ಒಂದು ರೂಪಾಯಿ. ಅದಕ್ಕೇ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ಬೇಡ ಅನ್ನುವ ಬಲವಂತದ ದುಡಿಮೆಯೇ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಹೇಳಿದರು. ಹೊಡೆದು ಬಡಿದು ಮಾಡಿಸಬೇಕಾಗಿಲ್ಲ, ಹಸಿವು ಮಾಡಿಸಿದರೂ ಅದು ಬಲವಂತವೇ ಅಂತ.

ಇದನ್ನೆಲ್ಲ ಸಾಹೇಬರ ಬಾಯಿಗೆ ಹೊಂದುವ ಹಾಗೆ ಸಣ್ಣ ಸಣ್ಣ ಮಾತು ಮಾಡಿದೆ. "ಕನಿಷ್ಠ ಕೂಲಿ ಕೊಡದೆ ದುಡಿಸಿಕೊಳ್ಳೋದಕ್ಕೆ ನಮ್ಮ ಹಳ್ಳಿಯಲ್ಲಿ ಒಂದು ಹೆಸರಿದೆ, ಬಿಟ್ಟಿ ಚಾಕರಿ." ಈ ಸಾಲು ಆದ ಮೇಲೆ ಕೆಂಪು ಪೆನ್ನಲ್ಲಿ ಗೀಟು ಹಾಕಿದ್ದೆ, ಇಲ್ಲಿ ಸ್ವಲ್ಪ ನಿಲ್ಲಿಸಿ ಅಂತ. ಅವರು ಅಲ್ಲೇ ನಿಲ್ಲಿಸಿದರು. ಎಂಥಾ ಚಪ್ಪಾಳೆ! ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಆ ಚಳಿಯಲ್ಲಿ ಇದೇ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದನ್ನೂ ಸೇರಿಸಿದ್ದೆ. ವೇದಿಕೆ ಪಕ್ಕ ನಿಂತು ವಿಡಿಯೋ ಮಾಡುತ್ತಿದ್ದ ನನಗೂ ಗಂಟಲು ಕಟ್ಟಿತ್ತು. ಸುಳ್ಳು ಹೇಳಲ್ಲ, ಆ ಕ್ಷಣ ನನಗೆ ಹೆಮ್ಮೆ ಅನಿಸಿತು.

ಆ ಹೆಮ್ಮೆಯಲ್ಲೇ ಧೈರ್ಯ ಬಂತು. ಇವತ್ತೇ ಕೇಳಿಬಿಡೋಣ ಅಂದುಕೊಂಡೆ.

ಸಂಜೆ ಕಚೇರಿ ತುಂಬಾ ಜನ. ಅರ್ಜಿ ಹಿಡಿದವರು, ಪಂಚಾಯ್ತಿ ಸದಸ್ಯರು ಇಬ್ಬರು, ಯಾರೋ ಕಂಟ್ರಾಕ್ಟರು, ಟೀ ಕೊಡುವ ಹುಡುಗ. ಪಿಎ ಹತ್ತಿರ ಮೆಲ್ಲಗೆ ಕೇಳಿದೆ. "ಅಣ್ಣಾ, ಏಳು ವಾರ ಆಯ್ತು. ಸ್ಟೈಪೆಂಡ್ ಅಂತ ಬೇಡ, ಓಡಾಟದ ಖರ್ಚು, ಝೆರಾಕ್ಸ್ ದುಡ್ಡಾದರೂ..." ಮಾತು ಮುಗಿಸೋಕೆ ಬಿಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ನಿಮಗೆ ಬಸ್ ಫ್ರೀ ಅಲ್ವಾ?" ಅಂದರು. ಪಂಚಾಯ್ತಿ ಸದಸ್ಯರು ನಕ್ಕರು. ಕಂಟ್ರಾಕ್ಟರೂ ನಕ್ಕರು.

ಬಸ್ ಫ್ರೀ, ನಿಜ. ಶಕ್ತಿ ಯೋಜನೆ ಇಲ್ಲದಿದ್ದರೆ ನಾನು ಎರಡನೇ ವಾರಕ್ಕೇ ಬಿಟ್ಟು ಹೋಗಿರುತ್ತಿದ್ದೆ. ಪಿಜಿ ಫ್ರೀ ಅಲ್ಲ. ರಾತ್ರಿ ಹತ್ತಕ್ಕೆ ಬಿಟ್ಟರೆ ಮೆಟ್ರೋ ಫ್ರೀ ಅಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ಇದೇ ಸಾಹೇಬರು ಜನರ ಪರ ಹೇಳಿಕೆ ಕೊಟ್ಟಿದ್ದರು. ಇದೆಲ್ಲ ಆಗ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಸಾಹೇಬರು ಫೋನಿನಲ್ಲಿದ್ದರು. ನಗು ಕೇಳಿ ಈ ಕಡೆ ತಿರುಗಿದರು. ಏನು ಅಂತ ಪಿಎ ಕಡೆ ಹುಬ್ಬು ಏರಿಸಿದರು. "ಖರ್ಚಿಗೆ ಬೇಕಂತೆ ಸರ್." ಅವರು ಫೋನ್ ಕಿವಿಯಿಂದ ತೆಗೆಯಲೇ ಇಲ್ಲ. ಅಂಗಿ ಜೇಬಿಗೆ ಎರಡು ಬೆರಳು ಹಾಕಿ, ಮಡಿಚಿದ ಐನೂರರ ನೋಟು ತೆಗೆದು ನನ್ನ ಕಡೆ ಚಾಚಿದರು. "ಊಟ ಮಾಡಮ್ಮ" ಅಂದರು. ಮತ್ತೆ ಫೋನಿಗೆ ಹೋದರು.

ನಾನು ಎರಡೂ ಕೈ ಚಾಚಿದೆ.

ಇದೇ ನನಗೆ ತಡೆಯೋಕೆ ಆಗುತ್ತಿಲ್ಲ. ದೇವಸ್ಥಾನದಲ್ಲಿ ಪ್ರಸಾದ ತಗೊಳ್ಳುವ ಹಾಗೆ ಎರಡೂ ಕೈ ಜೋಡಿಸಿ ತಗೊಂಡೆ. "ಥ್ಯಾಂಕ್ಯೂ ಸರ್" ಅಂದೆ. ಎಲ್ಲರೂ ನೋಡುತ್ತಿದ್ದರು. ಆ ಟೀ ಹುಡುಗ ಕೂಡ ನೋಡಿದ. ಅವನಿಗೆ ತಿಂಗಳ ಸಂಬಳ ಇದೆ. ಅರ್ಜಿ ಹಿಡಿದು ಬಂದಿದ್ದ ಒಂದು ಅಜ್ಜಿ ನನ್ನನ್ನೂ ತನ್ನ ಹಾಗೇ ಏನೋ ಕೇಳಿಕೊಂಡು ಬಂದವಳು ಅಂದುಕೊಂಡರೋ ಏನೋ, "ಸಿಕ್ತಲ್ಲ ತಾಯಿ" ಅಂದರು. ನಾನು ಕೇಳಿಕೊಂಡು ಬಂದವಳಲ್ಲ ಅಜ್ಜಿ. ಕೆಲಸ ಮಾಡಿದವಳು. ನಿಮ್ಮ ಊರಿನ ನೀರಿನ ಅರ್ಜಿ ಟೈಪ್ ಮಾಡಿದ್ದೂ ನಾನೇ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ವಾರಕ್ಕೆ 6 ದಿನ, 7 ವಾರ, 42 ದಿನ. 500 ಭಾಗಿಸು 42. ದಿನಕ್ಕೆ 12 ರೂಪಾಯಿಯೂ ಬರಲ್ಲ. 1982ರ ಕೂಲಿಗಳಿಗಿಂತ ಎರಡೂವರೆ ರೂಪಾಯಿ ಜಾಸ್ತಿ, ಅಷ್ಟೇ. ನಮ್ಮ ಅವ್ವ ನರೇಗಾದಲ್ಲಿ ಕೆರೆ ಹೂಳು ಎತ್ತೋಕೆ ಹೋಗುತ್ತಿದ್ದಳು. 2025-26ರಲ್ಲಿ ಅದಕ್ಕೆ ದಿನಕ್ಕೆ 370 ಇತ್ತು. 42 ದಿನಕ್ಕೆ 15,540 ಆಗುತ್ತದೆ. ಅವ್ವ ಬಿಸಿಲಲ್ಲಿ ಬುಟ್ಟಿ ಹೊತ್ತು ಕಳಿಸಿದ ದುಡ್ಡಿನಲ್ಲಿ ನಾನು ಇಲ್ಲಿ ಒಬ್ಬ ಶಾಸಕರ ಕಚೇರಿ ನಡೆಸಿಕೊಟ್ಟಿದ್ದೇನೆ. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿತು. ಬೆಲೆ ಏರಿಕೆ ಅಂತ ಕಾರಣ ಕೊಟ್ಟರು. ಬೆಲೆ ನಮಗೂ ಏರಿದೆ.

"ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಬಹುದಿತ್ತಲ್ಲ, ಯಾರು ಹಿಡಿದುಕೊಂಡಿದ್ದರು?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಸರ್ಟಿಫಿಕೇಟು ಹಿಡಿದುಕೊಂಡಿತ್ತು. ಐದು ವರ್ಷದ ಕಾನೂನು ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ, ಬಾರ್ ಕೌನ್ಸಿಲ್ ನಿಯಮ. ನಾನು ಸೇರಿದ್ದು 4 ವಾರಕ್ಕೆ. "ಅಧಿವೇಶನ ಮುಗಿಯಲಿ, ಸಹಿ ಮಾಡಿಸ್ತೀನಿ" ಅಂದರು. ಮುಗಿಯಿತು. "ಸಮಾವೇಶ ಮುಗಿಯಲಿ" ಅಂದರು. ಅದೂ ಇವತ್ತು ಮುಗಿಯಿತು. ಸಹಿ ಇನ್ನೂ ಇಲ್ಲ.

ಬಿಡಿ, ಎಲ್ಲಾ ಕಡೆ ಹೀಗೇ. ದೊಡ್ಡ ವಕೀಲರ ಆಫೀಸಿನಲ್ಲೂ ನಮ್ಮ ಸೀನಿಯರ್‌ಗಳು ಹೀಗೇ ದುಡಿದಿದ್ದಾರೆ. ಸಾಹೇಬರು ಕೆಟ್ಟವರೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಮಗುವಿಗೆ ಆಸ್ಪತ್ರೆಯಲ್ಲಿ ಬೆಡ್ ಕೊಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಲಿತದ್ದೂ ಬೇಕಾದಷ್ಟಿದೆ. ಒಂದು ಪ್ರಶ್ನೆ ಸದನಕ್ಕೆ ಹೋಗುವುದು ಹೇಗೆ, ಉತ್ತರ ಹೇಗೆ ತರಿಸುತ್ತಾರೆ, ಇದನ್ನು ಯಾವ ಕಾಲೇಜೂ ಕಲಿಸಲ್ಲ.

ಇಲ್ಲ, ಬಿಡೋಕೆ ಆಗಲ್ಲ. ವಕೀಲರು ವೇದಿಕೆ ಹತ್ತಿ ಕನಿಷ್ಠ ಕೂಲಿ ಬಗ್ಗೆ ಭಾಷಣ ಮಾಡಿ ವೋಟು ಕೇಳಲ್ಲ. ಇವರು ಕೇಳುತ್ತಾರೆ. ಬೇರೆಯವರ ಫ್ಯಾಕ್ಟರಿಯಲ್ಲಿ, ಬೇರೆಯವರ ಎಸ್ಟೇಟಿನಲ್ಲಿ ಇಷ್ಟು ಕೊಡಲೇಬೇಕು ಅನ್ನುವವರು ತಮ್ಮ ಕಚೇರಿಯ ಬಾಗಿಲೊಳಗೆ ಅದನ್ನು ಮೊದಲು ಕೊಡಬೇಕು. ಇದರಲ್ಲಿ ಅರ್ಥವಾಗದ್ದು ಏನಿದೆ?

ಕಾನೂನಲ್ಲೂ ಹುಡುಕಿದೆ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲಿ ಬೀಡಿ ಕಟ್ಟುವ ಕೆಲಸ ಇತ್ತು, ಅಕ್ಕಿ ಗಿರಣಿ ಇತ್ತು, ಎಣ್ಣೆ ಗಿರಣಿ ಇತ್ತು. ಶಾಸಕರ ಕಚೇರಿ ಇರಲಿಲ್ಲ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂತು, ಎಲ್ಲಾ ಉದ್ಯೋಗಕ್ಕೂ ಕನಿಷ್ಠ ಕೂಲಿ ಅಂತ. ಆದರೆ "ನೀನು ಉದ್ಯೋಗಿ ಅಲ್ಲಮ್ಮ, ಕಲಿಯೋಕೆ ಬಂದವಳು" ಅಂದರೆ ನಾನು ಯಾರ ಹತ್ತಿರ ಹೋಗಲಿ?

ಅಮೆರಿಕದಲ್ಲೂ ಇದೇ ಜಗಳ ಆಗಿತ್ತು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಬೇಕು ಅನ್ನುತ್ತಿದ್ದವರ ಕಚೇರಿಗಳಲ್ಲೇ ಇಂಟರ್ನ್‌ಗಳು ಬಿಟ್ಟಿ ದುಡಿಯುತ್ತಿದ್ದರು. ಜನ ಬಿಡದೆ ಕೇಳಿದರು. 2018ರಲ್ಲಿ ಅಲ್ಲಿನ ಸಂಸತ್ತು ಇಂಟರ್ನ್‌ಗಳಿಗೆ ಕೊಡೋಕೆ ಅಂತಲೇ ಕೆಳಮನೆಗೆ 88 ಲಕ್ಷ ಡಾಲರ್, ಮೇಲ್ಮನೆಗೆ 50 ಲಕ್ಷ ಡಾಲರ್ ತೆಗೆದಿಟ್ಟಿತು. ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಅನ್ನುವವರು ಅಲ್ಲಿನ ಕೆಳಮನೆಗೆ ಆರಿಸಿ ಬಂದ ಹೊಸದರಲ್ಲೇ ನನ್ನ ಇಂಟರ್ನ್‌ಗಳಿಗೆ ಗಂಟೆಗೆ 15 ಡಾಲರ್ ಕೊಡುತ್ತೇನೆ ಅಂದರು. ಶ್ವೇತಭವನ 2022ರಲ್ಲಿ ಕೊಡೋಕೆ ಶುರು ಮಾಡಿತು. ಅಲ್ಲಿ ಕೇಳಿದ್ದಕ್ಕೆ ಆಯ್ತು. ನಮ್ಮಲ್ಲಿ ಕೇಳಿದರೆ ಬಸ್ ಫ್ರೀ ಅಲ್ವಾ ಅಂತ ನಗುತ್ತಾರೆ.

ಯಾರಾದರೂ ಉತ್ತರ ಕೊಡಿ. ಶಾಸಕರ, ಸಂಸದರ, ಪಕ್ಷದ ಕಚೇರಿಯಲ್ಲಿ ಇಂಟರ್ನ್ ಆಗಿ ದುಡಿದವರು ಇಲ್ಲಿ ಇದ್ದೀರಾ? ನಿಮಗೆ ಕೊಟ್ಟರಾ? ಎಷ್ಟು? ಬ್ಯಾಂಕ್ ಖಾತೆಗೆ ಹಾಕಿದರಾ, ಇಲ್ಲ ಜೇಬಿನಿಂದ ತೆಗೆದು ಕೊಟ್ಟರಾ? ಯಾವ ಪಕ್ಷದವರಾದರೂ ಪರವಾಗಿಲ್ಲ, ಪಕ್ಷದ ಜಗಳ ನನಗೆ ಬೇಡ. ಕೊಡುವವರು ಒಬ್ಬರಾದರೂ ಇದ್ದಾರೆ ಅಂತ ಹೇಳಿ ಸಾಕು.

ಎಂಟೂವರೆಗೆ ಅವ್ವ ಫೋನ್ ಮಾಡಿದ್ದಳು. "ಸಾಹೇಬ್ರು ಏನರ ಕೊಟ್ರೇನ?" ಅಂತ ಕೇಳಿದಳು. ಕೊಟ್ಟರು ಅಂದೆ. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಎಷ್ಟು ಅಂತ ಕೇಳೋದೇ ಮರೆತಳು.

ಈಗ ಪಿಎ ಮೆಸೇಜ್ ಹಾಕಿದ್ದಾರೆ. ಬಿಟ್ಟಿ ಚಾಕರಿ ಸಾಲು ಎಲ್ಲರಿಗೂ ಹಿಡಿಸಿದೆಯಂತೆ. ಸಾಹೇಬರ ಫೋಟೋ ಹಾಕಿ ಆ ಸಾಲಿನ ಪೋಸ್ಟರ್ ಮಾಡಿ ಬೆಳಿಗ್ಗೆ 8ರ ಒಳಗೆ ಕಳಿಸಬೇಕಂತೆ. ಫೋಟೋ ಕೂಡ ನಾನೇ ತೆಗೆದದ್ದು. ಲ್ಯಾಪ್‌ಟಾಪ್ ತೆರೆದೇ ಇದೆ. ಅಕ್ಷರ ಟೈಪ್ ಮಾಡಿದ್ದೇನೆ, ಸಾಹೇಬರ ಹೆಸರು ಹಾಕುವ ಜಾಗ ಖಾಲಿ ಬಿಟ್ಟಿದ್ದೇನೆ. ಕಳಿಸಲೋ ಬೇಡವೋ ಗೊತ್ತಾಗುತ್ತಿಲ್ಲ. ಸರ್ಟಿಫಿಕೇಟು ಅವರ ಟೇಬಲ್ ಮೇಲಿದೆ.