ಆ ಕಪ್ಪು ಮುಚ್ಚಳ ತೆಗೆದವರು ಯಾರು?

ವಾರಂಟಿಗೆ ಕೊಟ್ಟಿದ್ದ ನನ್ನ ಪಿಸಿಯ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡು) ನಿನ್ನೆ ವಾಪಸ್ ಬಂತು. 47 ದಿನ ಆದ ಮೇಲೆ. ರಿಪೇರಿ ಆಗಿಲ್ಲ, ಬದಲಿನೂ ಕೊಟ್ಟಿಲ್ಲ. ಕಳಿಸಿದ್ದ ಅದೇ ಡಬ್ಬ, ಅದೇ ಬೋರ್ಡು. ಜೊತೆಗೆ ಒಂದು ಸಾಲಿನ ಚೀಟಿ: 'ಸಾಕೆಟ್ ಪಿನ್ ಬೆಂಡ್, ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ.' ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಅದರ ಮೇಲೆ ನಾನೇ ಕೈಯಾರೆ ಹಾಕಿ ಕಳಿಸಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇಲ್ಲ. ಡಬ್ಬ ತಲೆಕೆಳಗು ಮಾಡಿ ಹುಡುಕಿದೆ. ಎಲ್ಲೂ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಹೊಟ್ಟೆ ಉರಿದಿದೆ.

ಮೊದಲಿಂದ ಹೇಳುತ್ತೇನೆ.

ನಾನು ದಾವಣಗೆರೆಯವನು. 2019ರಲ್ಲಿ ಮೊದಲ ಸಲ ಮನೆಯಲ್ಲೇ ಪಿಸಿ ಅಸೆಂಬಲ್ ಮಾಡಿದ್ದೆ. ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ತಮ್ಮ ಟಾರ್ಚ್ ಹಿಡಿದಿದ್ದ, ನಾನು ಸ್ಕ್ರೂ ಹಾಕಿದ್ದೆ. ಆರು ವರ್ಷ ಒಂದೇ ಒಂದು ದಿನ ತೊಂದರೆ ಕೊಟ್ಟಿಲ್ಲ. 2024ರಲ್ಲಿ ಬೋನಸ್ ಬಂದಾಗ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಆಮೇಲೆ ಗೊತ್ತಾಯಿತು, ಕಾರ್ಡ್ ಕೆಲಸ ಇಲ್ಲದೆ ಕೂತಿರುತ್ತೆ, ಹಳೇ ಪ್ರೊಸೆಸರ್ ಏದುಸಿರು ಬಿಡುತ್ತೆ. ಅದೇ ಬೋರ್ಡಿಗೆ ರೈಜನ್ 5 5600 ಪ್ರೊಸೆಸರ್ ಹಾಕಿದ್ದರೆ ಸಾಕಿತ್ತು ಅಂತ ಕೆಲವರು ಹೇಳಿದರು. ಹೌದು, ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಬೋರ್ಡಿನ ಎಎಂ4 ಸಾಕೆಟ್‌ಗೆ ಅಲ್ಲಿಂದ ಮುಂದೆ ಹೆಚ್ಚು ದಾರಿ ಇಲ್ಲ. ಅದರ ನಂತರದ ಸಾಕೆಟ್ ಎಎಂ5 ಬಂದದ್ದು 2022ರಲ್ಲಿ. 2027ರವರೆಗೂ, ಅದರಾಚೆಗೂ ಅದನ್ನು ಮುಂದುವರಿಸುತ್ತೇವೆ ಅಂತ ಈ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿ ಹೇಳಿದೆ. ಒಂದು ಸಲ ಬೋರ್ಡ್ ಬದಲಿಸಿದರೆ ಮುಂದೆ ಬರೀ ಪ್ರೊಸೆಸರ್ ಬದಲಿಸಿದರಾಯಿತು ಅಂತ ಲೆಕ್ಕ ಹಾಕಿದೆ.

ಚೀಟಿ ಎತ್ತಿದ ದುಡ್ಡು ಹಿಡಿದು 2025ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಹೋದೆ. ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡ್. ಭಾನುವಾರ ಹೋದರೆ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಹಾಗಾಗಿ ಶುಕ್ರವಾರ ರಜೆ ಹಾಕಿಯೇ ಹೋಗಬೇಕು. ರೈಜನ್ 5 7600 ಪ್ರೊಸೆಸರ್‌ಗೆ 17,500, ಎಎಂ5 ಸಾಕೆಟ್ ಇರುವ ಬಿ650 ಬೋರ್ಡಿಗೆ 13,800, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್‌ಗೆ 9,600. ಒಟ್ಟು 40,900 ರೂಪಾಯಿ. ಅದರೊಳಗೆ ಶೇ 18 ಜಿಎಸ್‌ಟಿ. ಪಕ್ಕಾ ಬಿಲ್ಲು. ಬೋರ್ಡಿಗೆ ಮೂರು ವರ್ಷ ವಾರಂಟಿ ಅಂತ ಅಂಗಡಿಯವರೇ ಬಿಲ್ಲಿನ ಮೇಲೆ ಸೀಲ್ ಹೊಡೆದು ಕೊಟ್ಟರು. 'ಏನೇ ಆದ್ರೂ ನಾವಿದೀವಿ ಬಾಸ್' ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ನಾಲ್ಕು ತಿಂಗಳು ಚೆನ್ನಾಗಿಯೇ ಓಡಿತು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಆಡುತ್ತಿದ್ದಾಗಲೇ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಬೋರ್ಡಿನ ಮೇಲಿನ ರ‍್ಯಾಮ್ ದೀಪ ಉರಿಯುತ್ತಲೇ ಇದೆ. ಎಎಂ5ರಲ್ಲಿ ರ‍್ಯಾಮ್ ಟ್ರೈನಿಂಗ್‌ಗೆ, ಅಂದರೆ ಆನ್ ಆಗುವಾಗ ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುವುದಕ್ಕೆ, ಕೆಲವೊಮ್ಮೆ ನಿಮಿಷಗಟ್ಟಲೆ ಬೇಕಾಗುತ್ತೆ, ಅದು ಗೊತ್ತಿತ್ತು. ಅರ್ಧ ಗಂಟೆ ಕಾದೆ. ಏನೂ ಆಗಲಿಲ್ಲ. ಆಮೇಲೆ ಒಂದೊಂದೇ ಪರೀಕ್ಷೆ ಮಾಡಿದೆ. ಸಿಮಾಸ್ ಕ್ಲಿಯರ್ ಮಾಡಿ ಬೋರ್ಡಿನ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ತಂದೆ. ಬೋರ್ಡಿನ ಒಳಗಿನ ಸಾಫ್ಟ್‌ವೇರ್ ಬಯಾಸ್ ಅಪ್‌ಡೇಟ್ ಮಾಡಿದೆ. ಎರಡು ರ‍್ಯಾಮ್‌ನಲ್ಲಿ ಯಾವುದನ್ನು ಎ2 ಸ್ಲಾಟ್‌ಗೆ ಹಾಕಿದರೂ ಪಿಸಿ ಆನ್ ಆಗುತ್ತೆ. ಯಾವುದನ್ನು ಬಿ2ಗೆ ಹಾಕಿದರೂ ಆಗಲ್ಲ. ಬಿ1 ಕೂಡ ಅಷ್ಟೇ. ಅಂದರೆ ರ‍್ಯಾಮ್ ಸರಿ ಇದೆ, ಬೋರ್ಡಿನ ಒಂದು ಚಾನೆಲ್, ಅಂದರೆ ಬಿ1, ಬಿ2 ಸ್ಲಾಟ್‌ಗಳಿಂದ ಪ್ರೊಸೆಸರ್‌ಗೆ ಹೋಗುವ ದಾರಿ, ಪೂರ್ತಿ ಹೋಗಿರಬೇಕು.

ಅಂಗಡಿಗೆ ಫೋನ್ ಮಾಡಿದೆ. 'ಬೇರೆ ರ‍್ಯಾಮ್ ತಗೊಂಡು ನೋಡಿ ಸರ್' ಅಂದರು. ನಾನು ಮಾಡಿದ ಪರೀಕ್ಷೆ ಎಲ್ಲ ಹೇಳಿದ ಮೇಲೂ ಅದೇ ಮಾತು. ರೇಟ್ ಕೇಳಿದೆ. ಆಗಸ್ಟ್‌ನಲ್ಲಿ 9,600 ಕೊಟ್ಟಿದ್ದ ಅದೇ ಜೋಡಿ ಡಿಸೆಂಬರ್‌ನಲ್ಲಿ 27,000! ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲ ಬಾಚಿಕೊಳ್ಳುತ್ತಿವೆ. ಆ ಚಿಪ್ ಮಾಡುವ ಮೈಕ್ರಾನ್ ಕಂಪನಿ ಅಂತೂ ನಮ್ಮಂಥವರು ಕೊಳ್ಳುವ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಅದೇ ತಿಂಗಳು ಹೇಳಿತು. ಅದು ಬೇರೆಯೇ ಸಂಕಟ, ಅದನ್ನು ಬರೆಯಲು ಕೂತರೆ ಇದು ಮುಗಿಯಲ್ಲ. ನಾನು ಹೇಳುತ್ತಿರುವುದು ಇಷ್ಟೇ. ಅವರ ಮಾತು ಕೇಳಿದ್ದರೆ ಸುಮ್ನೆ 27,000 ನೀರಲ್ಲಿ ಹೋಮ ಆಗುತ್ತಿತ್ತು.

ಕೊನೆಗೆ 'ಬೋರ್ಡ್ ತಂದುಕೊಡಿ' ಅಂದರು. ನಾನೇ ನೇರವಾಗಿ ಬೋರ್ಡ್ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಬಹುದಾ ಅಂತ ವಿಚಾರಿಸಿದೆ. ಬೋರ್ಡ್ ಡೀಲರ್ ಮೂಲಕವೇ ಬರಬೇಕಂತೆ. ಡಬ್ಬದಲ್ಲಿ ಸಾಕೆಟ್ ಮುಚ್ಚಳ ಇರಲೇಬೇಕಂತೆ. ಇಲ್ಲದಿದ್ದರೆ ಕೈಗೇ ತಗೊಳ್ಳಲ್ವಂತೆ. ಈ ಮಾತು ನೆನಪಿಟ್ಟುಕೊಳ್ಳಿ.

ಗೊತ್ತಿಲ್ಲದವರಿಗೆ ಒಂದು ವಿಷಯ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರ್‌ನ ಅಡಿಯಲ್ಲಿ ಇರುತ್ತಿದ್ದವು. ಎಎಂ5ರಲ್ಲಿ ಪ್ರೊಸೆಸರ್‌ನ ಅಡಿ ಚಪ್ಪಟೆ, ಪಿನ್ನೆಲ್ಲ ಬೋರ್ಡಿನ ಸಾಕೆಟ್ ಒಳಗೆ. ಒಟ್ಟು 1718. ಕಣ್ಣಿಗೆ ಒಂದೊಂದಾಗಿ ಕಾಣಲ್ಲ, ಸಣ್ಣ ಹೊಳೆಯುವ ಜರಿ ಹಾಸಿದ ಹಾಗೆ ಕಾಣುತ್ತೆ. ಬೆರಳು ತಾಗಿದರೂ ಬಾಗುತ್ತೆ. ಒಂದು ಪಿನ್ ಬಾಗಿದರೆ ಆ ಜರಿಯಲ್ಲಿ ಒಂದು ಕಡೆ ಹೊಳಪು ಬೇರೆ ಥರ ಕಾಣುತ್ತೆ, ಅಷ್ಟೇ ಗುರುತು.

ಒಂದು ಚಾನೆಲ್ ಹೋಯಿತು ಅಂದ ಕೂಡಲೇ ಎಲ್ಲರಿಗೂ ಮೊದಲು ಬರುವ ಅನುಮಾನ ಪಿನ್ ಮೇಲೆ. ನನಗೂ ಬಂತು. ಅದಕ್ಕೇ ಶನಿವಾರ ಬೆಳಿಗ್ಗೆ ಕಿಟಕಿ ಹತ್ತಿರ, ಬಿಸಿಲು ಓರೆಯಾಗಿ ಬೀಳುವ ಕಡೆ ಬೋರ್ಡ್ ಇಟ್ಟುಕೊಂಡೆ. ಕೂಲರ್ ಬಿಚ್ಚಿದೆ, ಲಿವರ್ ಎತ್ತಿದೆ, ಪ್ರೊಸೆಸರ್‌ನ ಅಂಚು ಹಿಡಿದು ನೇರ ಮೇಲಕ್ಕೆ ತೆಗೆದೆ. ಪಿನ್ನೆಲ್ಲ ಸಾಲಾಗಿ, ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ನಾಲ್ಕೂ ಮೂಲೆ ಒಂದೊಂದು ಫೋಟೋ, ಮೇಲಿನಿಂದ ಒಂದು, ಮುಚ್ಚಳ ಹಾಕಿದ ಮೇಲೆ ಇನ್ನೊಂದು. ಆರು ಫೋಟೋ. ಬೋರ್ಡಿನ ಸೀರಿಯಲ್ ನಂಬರ್ ಇರುವ ಸ್ಟಿಕರ್ ಕೂಡ ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುತ್ತೆ. ಮುಚ್ಚಳವನ್ನು ಆಗಸ್ಟ್‌ನಿಂದ ಜೋಪಾನವಾಗಿ ಬೀರುವಿನಲ್ಲಿ ಇಟ್ಟಿದ್ದೆ.

ಬೋರ್ಡನ್ನು ಕೊರಿಯರ್ ಮಾಡಲಿಲ್ಲ. ಇನ್ನೊಂದು ರಜೆ ಹಾಕಿ, ಸುಮಾರು 260 ಕಿಲೋಮೀಟರ್ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ.

ಕೌಂಟರ್‌ನಲ್ಲಿದ್ದ ಹುಡುಗ ಡಬ್ಬ ತೆಗೆದ. ಹೆಬ್ಬೆರಳ ಉಗುರಿನಿಂದ ಪಟ್ ಅಂತ ಮುಚ್ಚಳ ಹಾರಿಸಿದ. ನನ್ನ ಎದೆ ಝಲ್ ಅಂತು. 'ಮೆಲ್ಲಗೆ ಅಣ್ಣಾ' ಅಂದೆ. 'ಏನೂ ಆಗಲ್ಲ ಬಾಸ್, ದಿನಾ ನೋಡ್ತೀವಿ' ಅಂದ. ಒಂದು ಕ್ಷಣ ಇಣುಕಿ ಮತ್ತೆ ಒತ್ತಿ ಮುಚ್ಚಿದ. ಚೀಟಿಯಲ್ಲಿ ಮಾಡೆಲ್, ಸೀರಿಯಲ್ ನಂಬರ್, ತೊಂದರೆ ಅನ್ನುವ ಕಡೆ 'ನೋ ಡಿಸ್ಪ್ಲೇ' ಅಂತ ಬರೆದ. ಡಿಸ್ಪ್ಲೇ ಬರುತ್ತೆ, ಹೋಗಿರುವುದು ರ‍್ಯಾಮ್ ಚಾನೆಲ್ ಅಂದೆ. ಹೊಡೆದು ಹಾಕಿ 'ರ‍್ಯಾಮ್ ಪ್ರಾಬ್ಲಂ' ಅಂತ ಮಾಡಿದ. 'ಪಿನ್ ಸರಿ ಇದೆ ಅಂತನೂ ಬರೆದುಬಿಡಿ' ಅಂತ ಕೇಳಿದೆ. 'ಅದೆಲ್ಲ ಸರ್ವಿಸ್ ಸೆಂಟರ್‌ನವರು ನೋಡ್ತಾರೆ ಸರ್. ನಮ್ಮ ಚೀಟೀಲಿ ಆ ಥರ ಕಾಲಮ್ ಇಲ್ಲ.'

ಕಾಲಮ್ ಇಲ್ಲ! ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ.

ನಾನು ಆ ಹುಡುಗನೇ ಬಗ್ಗಿಸಿದ ಅಂತ ಹೇಳುತ್ತಿಲ್ಲ. ನೋಡದೆ ಆಪಾದನೆ ಮಾಡುವವನು ನಾನಲ್ಲ. ಆದರೆ ಅಲ್ಲಿಂದ ಮುಂದೆ ಆ ಬೋರ್ಡ್ ಡಿಸ್ಟ್ರಿಬ್ಯೂಟರ್ ಗೋಡೌನ್‌ಗೆ ಹೋಯಿತು, ಸರ್ವಿಸ್ ಸೆಂಟರ್‌ನಲ್ಲಿ ವಸ್ತು ತಗೊಳ್ಳುವ ಇನ್‌ವರ್ಡ್ ವಿಭಾಗಕ್ಕೆ ಹೋಯಿತು, ಟೆಕ್ನಿಷಿಯನ್ ಟೇಬಲ್‌ಗೆ ಹೋಯಿತು. ಅಲ್ಲಿ ಪರೀಕ್ಷೆ ಮಾಡಬೇಕಾದರೆ ಅವರದೊಂದು ಪ್ರೊಸೆಸರ್ ಆ ಸಾಕೆಟ್‌ಗೆ ಹಾಕಿ ತೆಗೆಯಲೇಬೇಕಲ್ವಾ? ನಾಲ್ಕು ಕೈ ದಾಟಿದೆ. ಈ ನಾಲ್ಕು ಕೈಯಲ್ಲಿ ಒಬ್ಬರೂ ತಗೊಳ್ಳುವಾಗ 'ಹೀಗಿತ್ತು' ಅಂತ ಬರೆಯಲಿಲ್ಲ. ಒಂದು ಫೋಟೋ ತೆಗೆಯಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯವನು ಪಿನ್ ಬಾಗಿದೆ ಅಂತ ಫೋಟೋ ತೆಗೆದ. ದಂಡ ಮಾತ್ರ ನನ್ನದು. ಬಾಡಿಗೆ ಕಾರು ತಗೊಂಡರೆ ಗೀರು ಎಲ್ಲಿದೆ ಅಂತ ಸುತ್ತ ನೋಡಿ ಬರೆದುಕೊಳ್ಳುತ್ತಾರೆ. 13,800 ರೂಪಾಯಿಯ ವಸ್ತು ತಗೊಳ್ಳುವಾಗ ಅಷ್ಟೂ ಬೇಡವಾ?

ಮೊದಲ ಹತ್ತು ದಿನ 'ಡಿಸ್ಟ್ರಿಬ್ಯೂಟರ್ ಕಡೆಯಿಂದ ಅಪ್‌ಡೇಟ್ ಬಂದಿಲ್ಲ'. ಆಮೇಲೆ 'ವರ್ಷದ ಕೊನೆ, ಸ್ಟಾಫ್ ಇಲ್ಲ'. ಮಧ್ಯೆ ಸರ್ವಿಸ್ ಸೆಂಟರ್‌ನಿಂದ ಒಂದು ಫೋನ್ ಬಂತು. ಎಕ್ಸ್‌ಪೋ, ಅಂದರೆ ಮೆಮೊರಿಯನ್ನು ಅದರ ಡಬ್ಬದ ಮೇಲೆ ಹೇಳಿದ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿದ್ರಾ ಅಂತ ಕೇಳಿದರು. ಹೌದು ಅಂದೆ. 'ಹಾಗಾದ್ರೆ ಓವರ್‌ಕ್ಲಾಕ್ ಮಾಡಿದೀರಿ' ಅಂದರು. ಕೇಳಿಸಿಕೊಳ್ಳಿ. ರ‍್ಯಾಮ್ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ವೇಗ 6000 ಅಂತ ಇದೆ. ಬೋರ್ಡ್ ಡಬ್ಬದ ಮೇಲೂ ಎಕ್ಸ್‌ಪೋ ಅಂತ ಇದೆ. ಆದರೆ 7600 ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳುವ ರ‍್ಯಾಮ್ ವೇಗ 5200. ಅದರ ಮೇಲೆ ಹೋದರೆ ಓವರ್‌ಕ್ಲಾಕ್ ಲೆಕ್ಕ. ಮಾರುವಾಗ ಅದನ್ನೇ ತೋರಿಸಿ ದುಡ್ಡು ತಗೊಳ್ಳುತ್ತಾರೆ. ಕೆಟ್ಟಾಗ ಅದನ್ನು ಯಾಕೆ ಬಳಸಿದೆ ಅಂತ ನಮ್ಮನ್ನೇ ಕೇಳುತ್ತಾರೆ. ಎಂಥ ಅನ್ಯಾಯ ಇದು!

31ನೇ ದಿನ ಅಂಗಡಿಯಿಂದ ಫೋನ್ ಬಂತು. ರಿಜೆಕ್ಟ್ ಆಗಿದೆ ಅಂದರು. ಅವರು ತೆಗೆದ ಫೋಟೋ ಕಳಿಸಲು ಹೇಳಿದೆ. ಬಂತು. ಎಡಗಡೆ ಕೆಳಮೂಲೆಯಲ್ಲಿ ಎರಡು ಪಿನ್ ಪಕ್ಕಕ್ಕೆ ವಾಲಿವೆ. ನನ್ನ ಫೋಟೋ ತೆಗೆದು ಅದೇ ಮೂಲೆ ದೊಡ್ಡದು ಮಾಡಿ ನೋಡಿದೆ. ಅದೇ ಸಾಲು, ಅದೇ ಜಾಗ. ಅಲ್ಲಿ ಎರಡೂ ನೆಟ್ಟಗೆ ನಿಂತಿವೆ. ಎರಡು ಫೋಟೋನೂ ಪಕ್ಕಪಕ್ಕ ಇಟ್ಟು ಇಮೇಲ್ ಮಾಡಿದೆ. ಗ್ರಾಹಕರು ತೆಗೆದ ಫೋಟೋ ಪರಿಗಣಿಸಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಅವರು ತೆಗೆದದ್ದು ಸಾಕ್ಷಿ, ನಾನು ತೆಗೆದದ್ದು ಕಸ!

ಫೋನಿನಲ್ಲಿ ಒಬ್ಬರು ಇನ್ನೂ ಮುಂದೆ ಹೋದರು. 'ಮನೇಲಿ ಯಾಕೆ ಬಿಚ್ಚಿದ್ರಿ ಸರ್?' ಅಂತ ಕೇಳಿದರು. ಬಿಡಿ ಭಾಗವಾಗಿ ಮಾರಿದವರು ನೀವು. ಹೇಗೆ ಜೋಡಿಸಬೇಕು ಅಂತ ಚಿತ್ರ ಬರೆದ ಪುಸ್ತಕ ಡಬ್ಬದೊಳಗೆ ಇಟ್ಟವರು ನೀವು. ಬೋರ್ಡ್ ಮಾತ್ರ ಕಳಿಸಿ, ಪ್ರೊಸೆಸರ್ ತೆಗೆದು ಕಳಿಸಿ ಅಂದವರೂ ನೀವು. ಬಿಚ್ಚದೆ ಕಳಿಸುವುದು ಹೇಗೆ? ಮನೆಯಲ್ಲಿ ಜೋಡಿಸುವವರು ಅಂದರೆ ಏನೂ ಗೊತ್ತಿಲ್ಲದೆ ಕೈ ಹಾಕುವವರು ಅನ್ನುವ ಭಾವನೆ ಇವರಿಗೆ. ನಾವು ಒಂದೊಂದು ಸ್ಕ್ರೂ ಎಣಿಸಿ ಡಬ್ಬಿಯಲ್ಲಿ ಇಡುತ್ತೇವೆ. ಬೋರ್ಡ್ ಮುಟ್ಟುವ ಮೊದಲು ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ ಕೈಯಲ್ಲಿರುವ ಸ್ಟ್ಯಾಟಿಕ್ ಇಳಿಸಿಕೊಳ್ಳುತ್ತೇವೆ. ನಮ್ಮ ಬೆವರಿನ ದುಡ್ಡಿನ ವಸ್ತು ಅದು, ಅವರಿಗಿಂತ ಜಾಸ್ತಿ ಜೋಪಾನ ನಮಗೇ ಇರುತ್ತೆ.

ಇಷ್ಟು ದಿನ ಮನೆಯಲ್ಲಿ ಪಿಸಿ ಇಲ್ಲ. ಹಳೇ ಬೋರ್ಡು, ಪ್ರೊಸೆಸರ್ ಎಲ್ಲ ಒಬ್ಬ ಕಾಲೇಜು ಹುಡುಗನಿಗೆ 6,500ಕ್ಕೆ ಕೊಟ್ಟಾಗಿದೆ. 4060 ಕಾರ್ಡ್ ಸುಮ್ನೆ ಡಬ್ಬದಲ್ಲಿ ಕೂತಿದೆ. ಭಾನುವಾರ ರಾತ್ರಿ ಹುಬ್ಬಳ್ಳಿಯಿಂದ ತಮ್ಮ, ಇಲ್ಲಿಂದ ನಾನು, ಒಟ್ಟಿಗೆ ಆಡುವುದು ರೂಢಿ. ಅವನಿಗೆ ಅಲ್ಲಿ ಕೆಲಸ ಸಿಕ್ಕ ಮೇಲೆ ನಾವಿಬ್ಬರೂ ಸಮಾಧಾನವಾಗಿ ಮಾತಾಡುವುದೇ ಆ ಎರಡು ಗಂಟೆ. ಅದೂ ನಿಂತಿದೆ. ಪ್ರತಿ ವಾರ 'ಬೋರ್ಡ್ ಬಂತಾ ಅಣ್ಣ?' ಅಂತ ಕೇಳುತ್ತಾನೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೆ. ಅವರು ಮರ್ಯಾದೆಯಿಂದ ಮಾತಾಡಿದರು, ದೂರನ್ನು ಕಂಪನಿಗೆ ದಾಟಿಸಿದರು. ಆದರೆ ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಕಂಪನಿಯಿಂದ ಬಂದದ್ದು ಮತ್ತೆ ಅದೇ ಉತ್ತರ.

ಅದಾದ ಮೇಲೆ ನಿನ್ನೆ ಈ ಡಬ್ಬ. ಮುಚ್ಚಳ ಇಲ್ಲದೆ! ಮುಚ್ಚಳ ಇಲ್ಲದಿದ್ದರೆ ನಮ್ಮ ಕೈಯಿಂದ ತಗೊಳ್ಳದವರು, ಮುಚ್ಚಳ ಇಲ್ಲದೆ ನಮಗೆ ವಾಪಸ್ ಕಳಿಸಿದ್ದಾರೆ. ತೆರೆದ ಸಾಕೆಟ್ ಮೇಲೆ ಬಬಲ್ ಶೀಟ್ ಒತ್ತಿ ಸುತ್ತಿದ್ದಾರೆ. ಆವತ್ತು ಎರಡು ಪಿನ್ ವಾಲಿದ್ದ ಮೂಲೆಯಲ್ಲಿ ಈಗ ಐದೋ ಆರೋ ವಾಲಿವೆ. ಈ ಜನ ಬೋರ್ಡನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಈ ಸಲ ಡಬ್ಬ ಒಡೆಯುವುದನ್ನು ಮೊದಲಿಂದ ಕೊನೆವರೆಗೆ ವಿಡಿಯೋ ಮಾಡಿದ್ದೇನೆ. ಅಪ್ಪ ಫೋನ್ ಹಿಡಿದಿದ್ದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಂಡವನು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು. ಅಂಗಡಿ ಬೆಂಗಳೂರಿನಲ್ಲಿದೆ ಅಂತ ಅಲ್ಲಿಗೆ ಅಲೆಯಬೇಕಾಗಿಲ್ಲ. 5 ಲಕ್ಷ ರೂಪಾಯಿ ಒಳಗಿನ ಖರೀದಿಗೆ ಶುಲ್ಕವೂ ಇಲ್ಲ. ವಕೀಲರು ಇರಲೇಬೇಕು ಅಂತನೂ ಇಲ್ಲ. 13,800 ರೂಪಾಯಿಗೆ ಯಾರು ಕೋರ್ಟು ಕಚೇರಿ ಅಲೆಯುತ್ತಾರೆ ಅನ್ನುವ ಧೈರ್ಯ ಅವರಿಗಿದೆ. ನಾನು ಅಲೆಯುತ್ತೇನೆ.

ಸೋಮವಾರ ರಜೆ ಹಾಕಿದ್ದೇನೆ. ಆರು ಫೋಟೋಗಳ ಕಲರ್ ಪ್ರಿಂಟ್ ತೆಗೆಸಿಯಾಯಿತು. ಬಿಲ್ಲು, ಹೊಡೆದು ತಿದ್ದಿದ ಆ ಚೀಟಿ, ಇಮೇಲ್ ಪ್ರತಿಗಳು ಎಲ್ಲ ಒಂದು ಫೈಲಿನಲ್ಲಿವೆ. ದೂರಿನ ಮೊದಲ ಸಾಲಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದೇನೆ: ನನ್ನ ಕೈಯಿಂದ ಬೋರ್ಡ್ ತಗೊಂಡ ದಿನ ಪಿನ್ ಹೇಗಿದ್ದವು ಅಂತ ನಿಮ್ಮಲ್ಲಿ ಯಾರ ಹತ್ತಿರ ದಾಖಲೆ ಇದೆ, ತೋರಿಸಿ.